ಹಾಲು ತರುವ ಬೈಕಿನ ವಾಲ್ವು ಮತ್ತು ನಮ್ಮ ಜೀವ

(ಹಳದೀಪುರದಲ್ಲಿ ಹಾಲು ಉತ್ಪಾದಕ ಸದಸ್ಯರ ಮುಂದೆ ಮಾಡಿದ ಭಾಷಣದ ಬರಹರೂಪ)



ಇಂಥ ಸಭೆಗೆ ಬಂದವರು ಸಾಮಾನ್ಯವಾಗಿ ಹಿಂಡಿ, ಖನಿಜ ಮಿಶ್ರಣ, ಹಸಿರು ಮೇವು, ಕೆಚ್ಚಲು ಬಾವು ಇವುಗಳ ಬಗ್ಗೆ ಮಾತನಾಡುತ್ತಾರೆ. ಅವೆಲ್ಲ ಬೇಕಾದವುಗಳೇ. ಆದರೆ ಇವತ್ತು ತಮ್ಮ ಅರ್ಧ ಗಂಟೆಯನ್ನು ನಾನು ಬೇರೊಂದು ವಿಷಯಕ್ಕೆ ಕೇಳಿಕೊಳ್ಳುತ್ತಿದ್ದೇನೆ. ತಾವು ಹಾಲು ತಂದ ಬೈಕಿನ ಚಕ್ರದಲ್ಲಿ ಕಿರುಬೆರಳಿನಷ್ಟು ಉದ್ದದ ಒಂದು ಕೊಳವೆ ಇದೆ, ಗಾಳಿ ಹಾಕುವ ಜಾಗ. ಅದನ್ನೇ ವಾಲ್ವು ಎನ್ನುತ್ತೇವೆ. ಆ ವಾಲ್ವು, ಅದರ ಮೇಲಿನ ಮುಚ್ಚಳ, ಈಚೆಗೆ ಆ ಮುಚ್ಚಳದ ಬದಲು ಹಾಕಿಸಿಕೊಳ್ಳುವ ಬಣ್ಣಬಣ್ಣದ ಸಾಮಾನು, ಇವುಗಳಿಂದ ದಾರಿಯಲ್ಲಿ ಬರಬಹುದಾದ ಅಪಾಯ, ಇಷ್ಟು ನನ್ನ ವಿಷಯ. ದನದ ಡಾಕ್ಟರರನ್ನು ಕರೆಯುವ ಸಭೆಯಲ್ಲಿ ಪಂಕ್ಚರ್ ಅಂಗಡಿಯ ಮಾತೇಕೆ ಎಂದು ಯಾರಿಗಾದರೂ ಅನ್ನಿಸಿದರೆ ಸ್ವಲ್ಪ ತಾಳಿ, ದನದ ಡಾಕ್ಟರರೂ ಬರುತ್ತಾರೆ.

ಹಳದೀಪುರದ ಮನೆಗಳು ಒಂದೇ ಕಡೆ ಗುಂಪಾಗಿಲ್ಲ. ಕಡಲ ಕಡೆಗೆ ಕೆಲವು ಕೇರಿಗಳು, ನಡುವೆ ಗದ್ದೆ ಬಯಲು, ಮೂಡಲಿನ ಗುಡ್ಡದ ಬುಡದಲ್ಲಿ ತೋಟದ ಮನೆಗಳು. ಇವುಗಳನ್ನು ಸೀಳಿಕೊಂಡು ಹೆದ್ದಾರಿ ಹೋಗಿದೆ. 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಾಗುವವರೆಗೆ ಅದು 17 ಆಗಿತ್ತು, ಈಗ 66. ಬಡಗಲಿಗೆ ಕುಮಟಾ, ತೆಂಕಲಿಗೆ ಹೊನ್ನಾವರ. ಹಿಂದೆ ಹಾಲಿನ ಕ್ಯಾನು ಸೈಕಲ್ಲಿನ ಮೇಲೆ ಬರುತ್ತಿತ್ತು, ಇಲ್ಲವೇ ಹೆಂಗಸರ ಕೈಯಲ್ಲಿ ಗದ್ದೆಯ ಅಂಚಿನ ಮೇಲೆ ನಡೆದು ಬರುತ್ತಿತ್ತು. 1980ರಲ್ಲಿ ಟಿ.ವಿ.ಎಸ್. 50 ಬಂತು, ಆಮೇಲೆ ಬಜಾಜ್ ಎಂ-80 ಬಂತು. ಎಂ-80ಯನ್ನು ನಮ್ಮ ಕರಾವಳಿಯಲ್ಲಿ ಮೀನು ಮಾರುವವರು ಎಷ್ಟು ದುಡಿಸಿಕೊಂಡರೆಂದರೆ ಅದರ ಸದ್ದು ಕೇಳಿದರೆ ಸಾಕು, ಬೆಕ್ಕುಗಳು ಅಂಗಳಕ್ಕೆ ಬರುತ್ತಿದ್ದವು. 1994ರಲ್ಲಿ ಸ್ಪ್ಲೆಂಡರ್ ಬಂದ ಮೇಲೆ ನೂರು ಸಿ.ಸಿ.ಯ ಬೈಕು ಹಳ್ಳಿಯ ಮನೆಮನೆಯ ವಾಹನವಾಯಿತು. ಈಗ ದಿನಕ್ಕೆ ಎರಡು ಸಲ, ಮುಂಜಾನೆಯ ಮಬ್ಬಿನಲ್ಲಿ ಒಮ್ಮೆ, ಸಂಜೆ ಕತ್ತಲಾಗುವ ಹೊತ್ತಿಗೆ ಒಮ್ಮೆ, ಕ್ಯಾನು ಕಟ್ಟಿಕೊಂಡು ಹೊರಡುತ್ತೇವೆ. ವರ್ಷಕ್ಕೆ ಏಳುನೂರಕ್ಕೂ ಹೆಚ್ಚು ಸಲ. ಕಣ್ಣು ಸರಿಯಾಗಿ ಕಾಣದ ಹೊತ್ತು, ಅವಸರದ ಹೊತ್ತು.

ಅವಸರಕ್ಕೆ ಕಾರಣವಿದೆ. ಹಿಂಡಿದ ಹಾಲು ಬಿಸಿಯಾಗಿರುತ್ತದೆ, ನಮ್ಮ ಸೆಕೆಗೆ ಅದರಲ್ಲಿ ಸೂಕ್ಷ್ಮಜೀವಿಗಳು ಬೇಗ ಹೆಚ್ಚುತ್ತವೆ, ಬೇಗ ತಲುಪಿಸಿ ತಂಪು ಮಾಡಬೇಕು ಎಂದು ನಾವೇ ನಿಮಗೆ ಹೇಳಿಕೊಟ್ಟಿದ್ದೇವೆ. ಆ ಮಾತು ನಿಜವೇ. ಆದರೆ ಹತ್ತು ನಿಮಿಷ ಮೊದಲು ಹಿಂಡಲು ಕೂತು ಉಳಿಸುವ ಸಮಯ ಬೇರೆ, ಹೆದ್ದಾರಿಯ ಮೇಲೆ ಎಕ್ಸಲೇಟರ್ ತಿರುಗಿಸಿ ಉಳಿಸುವ ಸಮಯ ಬೇರೆ.

ಇನ್ನು ವಾಲ್ವಿಗೆ ಬರೋಣ. ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದವರು ಜಾನ್ ಬಾಯ್ಡ್ ಡನ್‌ಲಪ್. ಟೈರಿನ ಮೇಲೆ ಡನ್‌ಲಪ್ ಎಂದು ಓದಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ಅವರು ಎಂಜಿನಿಯರ್ ಆಗಿರಲಿಲ್ಲ, ಐರ್ಲೆಂಡಿನ ಬೆಲ್‌ಫಾಸ್ಟ್ ಪಟ್ಟಣದಲ್ಲಿದ್ದ ಪಶುವೈದ್ಯರು. ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ದಾರಿಯಲ್ಲಿ ಕುಕ್ಕದಿರಲಿ ಎಂದು ರಬ್ಬರಿನ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದರು. 1888ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅವರಿಗಿಂತ ನಲವತ್ತು ವರ್ಷ ಮೊದಲೇ ರಾಬರ್ಟ್ ಥಾಮ್ಸನ್ ಎಂಬವರು ಇದನ್ನೇ ಮಾಡಿದ್ದರೆಂದು ಆಮೇಲೆ ತಿಳಿದು ಆ ಪೇಟೆಂಟ್ ಉಳಿಯಲಿಲ್ಲ, ಆದರೆ ಹೆಸರು ಉಳಿಯಿತು. ಸೈಕಲ್ಲಿನಲ್ಲಿ ರಬ್ಬರಿನ ಸಣ್ಣ ವಾಲ್‌ಟ್ಯೂಬು ಹಾಕಿ ನಾವು ಗಾಳಿ ಹೊಡೆಯುತ್ತಿದ್ದೆವಲ್ಲ, ಅದೂ ಅವರ ಹೆಸರಿನದೇ. ಬೈಕಿನಲ್ಲಿರುವುದು ಬೇರೆ ಜಾತಿ. ನ್ಯೂಯಾರ್ಕಿನ ಆಗಸ್ಟ್ ಶ್ರೇಡರ್ ಎಂಬವರ ಪೇಟೆಂಟ್ ಅದು, 1893ರದು. ಕೊಳವೆಯೊಳಗೆ ಸ್ಪ್ರಿಂಗಿನ ಮೇಲೆ ಕೂತ ಒಂದು ಪಿನ್ನು. ಒತ್ತಿದರೆ ಬಾಗಿಲು ತೆರೆಯುತ್ತದೆ, ಬಿಟ್ಟರೆ ಸ್ಪ್ರಿಂಗೂ ಒಳಗಿನ ಗಾಳಿಯೂ ಸೇರಿ ಮುಚ್ಚುತ್ತವೆ. ಬೈಕು, ಕಾರು ಎಲ್ಲಕ್ಕೂ ಇವತ್ತಿಗೂ ಅದೇ ಅಳತೆ, ಅದೇ ಮರೆ. ಹಾಗಾಗಿಯೇ ಕಾರಿಗೆ ಗಾಳಿ ಹಾಕುವ ಪಂಪಿನಿಂದಲೇ ನಮ್ಮ ಬೈಕಿಗೂ ಹಾಕಬಹುದು.

ನಿಮಗೆ ಇದನ್ನು ತಿಳಿಸುವುದು ಸುಲಭ, ಏಕೆಂದರೆ ದಿನಾ ಎರಡು ಹೊತ್ತು ನೀವು ಇಂಥದೇ ನಾಲ್ಕು ಬಾಗಿಲುಗಳನ್ನು ಕೈಯಲ್ಲಿ ಹಿಡಿಯುತ್ತೀರಿ. ದನದ ಮೊಲೆಯ ತುದಿಯಲ್ಲಿ ಒಂದು ಬಿಗಿಯಾದ ರಂಧ್ರವಿದೆ. ಹಿಂಡುವಾಗ ತೆರೆಯುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ. ಪೂರ್ತಿ ಮುಚ್ಚಲು ಅರ್ಧ ಗಂಟೆಗೂ ಹೆಚ್ಚು ಬೇಕು. ಅದಕ್ಕೇ ಹಿಂಡಿದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ದನ ಕೂಡಲೇ ಮಲಗದಂತೆ ಮುಂದೆ ಮೇವು ಹಾಕಿ ಎನ್ನುವುದು. ಕೊಳೆ ಒಳಗೆ ಹೋದರೆ ಕೆಚ್ಚಲು ಬಾವು. ವಾಲ್ವಿನ ಕತೆಯೂ ಹೀಗೆಯೇ. ಪಿನ್ನಿನ ಬುಡಕ್ಕೆ ಮರಳಿನ ಒಂದು ಕಣ ಕೂತರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಗಾಳಿ ಸದ್ದಿಲ್ಲದೆ ಸೋರುತ್ತದೆ. ಪಂಕ್ಚರ್ ಹುಡುಕಿ ಟ್ಯೂಬು ಬಿಚ್ಚಿದರೆ ಎಲ್ಲೂ ತೂತಿಲ್ಲ. ಆ ಮರಳು ಒಳಹೋಗದಂತೆ ತಡೆಯುವುದೇ ಆ ಚಿಕ್ಕ ಕಪ್ಪು ಮುಚ್ಚಳದ ಕೆಲಸ. ಒಳಗೆ ರಬ್ಬರಿನ ಉಂಗುರವಿರುವ ಮುಚ್ಚಳವಾದರೆ ಪಿನ್ನು ಸ್ವಲ್ಪ ಸೋರಿದರೂ ಅದು ತಡೆದು ನಿಲ್ಲಿಸುತ್ತದೆ. ನಮ್ಮೂರಿನಲ್ಲಿ ಮಳೆಗಾಲದ ಕೆಸರು, ಬೇಸಿಗೆಯ ಚಿರೆಕಲ್ಲಿನ ಕೆಂಪು ಧೂಳು, ಕಡಲ ಕಡೆಯ ಮರಳು ಮೂರೂ ಉಂಟು. ಆದರೂ ಸಭೆಯ ಹೊರಗೆ ನಿಂತ ಬೈಕುಗಳನ್ನು ಈಗಷ್ಟೇ ನೋಡಿ ಬಂದೆ. ಅರ್ಧಕ್ಕರ್ಧ ವಾಲ್ವುಗಳಿಗೆ ಮುಚ್ಚಳವೇ ಇಲ್ಲ. ಗಾಳಿ ಹಾಕಿಸುವಾಗ ತೆಗೆದು ಸೀಟಿನ ಮೇಲಿಟ್ಟದ್ದು ಅಲ್ಲೇ ಬಿದ್ದುಹೋಗಿರುತ್ತದೆ. ಕೆಲವೇ ರೂಪಾಯಿಯ ವಸ್ತು, ಇವತ್ತೇ ಹಾಕಿಸಿಕೊಳ್ಳಿ.

ಇನ್ನು ಕೆಲವರು ಮುಚ್ಚಳಕ್ಕೆ ಹೆಚ್ಚೇ ಮರ್ಯಾದೆ ಕೊಟ್ಟಿದ್ದಾರೆ. ತಲೆಬುರುಡೆ, ಗುಂಡು, ದಾಳ, ಮಿಣಿಮಿಣಿ ಎನ್ನುವ ದೀಪ. ಇವು ನಮ್ಮ ಹುಡುಗರ ಗಾಡಿಯ ಚಕ್ರದಲ್ಲಿವೆ, ಅಪ್ಪ ಅದೇ ಗಾಡಿಯಲ್ಲಿ ಹಾಲು ತರುತ್ತಾರೆ. ಹುಡುಗರ ಸಂತೋಷಕ್ಕೆ ಕಲ್ಲು ಹಾಕುವ ಉದ್ದೇಶ ನನಗಿಲ್ಲ. ಆದರೆ ಅದರ ಲೆಕ್ಕ ನೋಡಬೇಕು.

ಹಿಂದೆ ಸಂಘದಲ್ಲಿ ಜಿಡ್ಡಿನಂಶ ನೋಡಲು ಗರ್ಬರ್ ನಳಿಕೆಗಳನ್ನು ತಿರುಗಿಸುವ ಯಂತ್ರದಲ್ಲಿಟ್ಟು ಗಿರ್ರೆಂದು ತಿರುಗಿಸುತ್ತಿದ್ದುದು ಹಿರಿಯರಿಗೆ ನೆನಪಿದೆ. ಭಾರವಾದದ್ದು ಹೊರಕ್ಕೆ ನೂಕಲ್ಪಡುತ್ತದೆ, ಹಗುರವಾದ ಜಿಡ್ಡು ಒಳಗಡೆ ಉಳಿಯುತ್ತದೆ. ಕೆನೆ ತೆಗೆಯುವ ಯಂತ್ರವೂ ಹೀಗೆಯೇ. ನಿಮ್ಮ ಬೈಕಿನ ಚಕ್ರವೂ ಅಂಥದೇ ಯಂತ್ರ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ ಐನೂರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆಗ ವಾಲ್ವಿನ ತುದಿಯಲ್ಲಿರುವ ವಸ್ತು ತನ್ನ ತೂಕದ ಸುಮಾರು 60 ಪಟ್ಟು ಬಲದಿಂದ ಹೊರಕ್ಕೆ ನೂಕಲ್ಪಡುತ್ತದೆ. 80 ಕಿ.ಮೀ. ವೇಗದಲ್ಲಿ ಇದು ಸುಮಾರು 100 ಪಟ್ಟು. ಒಂದು ಗ್ರಾಂ ಕೂಡ ತೂಗದ ಪ್ಲಾಸ್ಟಿಕ್ ಮುಚ್ಚಳಕ್ಕೆ ಇದರಿಂದ ಏನೂ ಆಗದು. ಬ್ಯಾಟರಿ ಸಹಿತ ಹತ್ತು ಗ್ರಾಂ ತೂಗುವ ದೀಪದ ಮುಚ್ಚಳವಾದರೆ, 80ರ ವೇಗದಲ್ಲಿ ಒಂದು ಕಿಲೋ ಕಲ್ಲನ್ನು ಆ ಕಿರುಬೆರಳಿಗೆ ಕಟ್ಟಿದ ಹಾಗೆ. ವಾಲ್ವು ನೆಟ್ಟಗೆ ನಿಂತ ಲೋಹದ್ದಾದರೆ ತಡೆದುಕೊಂಡೀತು. ಟ್ಯೂಬ್‌ಲೆಸ್ ಗಾಡಿಗಳಲ್ಲಿ ಅದು ಬಹುಪಾಲು ರಬ್ಬರಿನದು. ಸ್ವಲ್ಪ ಓರೆಯಾದರೂ ಆ ಭಾರಕ್ಕೆ ಬಾಗುತ್ತದೆ, ಗುಂಡಿ ಬಂದಾಗಲೆಲ್ಲ ಅಲುಗುತ್ತದೆ, ಬುಡದಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಆ ಬಿರುಕು ಒಂದು ದಿನ ಪೂರ್ತಿ ಬಾಯಿ ಬಿಟ್ಟರೆ ಮೊಳೆ ಚುಚ್ಚಿದ ಹಾಗೆ ಮೆಲ್ಲನೆ ಗಾಳಿ ಇಳಿಯುವುದಿಲ್ಲ, ಒಮ್ಮೆಗೇ ಹೋಗುತ್ತದೆ. ಮುಂದಿನ ಚಕ್ರವಾದರೆ ಗಾಡಿ ಕೈಯಲ್ಲಿ ನಿಲ್ಲುವುದು ಕಷ್ಟ.

ಗಾಳಿ ಕಡಿಮೆಯಾದರೆ ಹಸಿರು ಹೋಗಿ ಕೆಂಪು ತೋರಿಸುವ ಮುಚ್ಚಳಗಳೂ, ಮೊಬೈಲಿಗೆ ಒತ್ತಡ ತಿಳಿಸುವ ಮುಚ್ಚಳಗಳೂ ಬಂದಿವೆ. ಕೇಳಲು ಚೆನ್ನಾಗಿದೆ. ಆದರೆ ಇವು ಒತ್ತಡವನ್ನು ಅಳೆಯಬೇಕಾದರೆ ಒಳಗಿನ ಪಿನ್ನನ್ನು ಸದಾ ಒತ್ತಿ ಹಿಡಿದಿರಲೇಬೇಕು. ಅಂದರೆ ಶ್ರೇಡರರ ಬಾಗಿಲು ಹಗಲೂ ರಾತ್ರಿ ತೆರೆದೇ ಇರುತ್ತದೆ. ಗಾಳಿಯನ್ನು ತಡೆದಿರುವುದು ಆ ಮುಚ್ಚಳವೊಂದೇ. ಮೆಟ್ಟಿಲಿಗೆ ತಾಗಿಯೋ ಕೋಲು ಸಿಕ್ಕಿಯೋ ಅದು ಒಡೆದರೆ ಚಕ್ರ ಖಾಲಿ. ಹಾಕಲೇಬೇಕು ಎನ್ನುವವರು ಲೋಹದ ವಾಲ್ವಿರುವ ಚಕ್ರಕ್ಕೆ ಮಾತ್ರ ಹಾಕಿಸಲಿ, ರಬ್ಬರಿನ ವಾಲ್ವಿಗೆ ಬೇಡ. ನನ್ನನ್ನು ಕೇಳಿದರೆ ಆ ಹಣದಲ್ಲಿ ಗಾಳಿ ನೋಡುವ ಒಂದು ಮೀಟರು ಕೊಂಡು ಮನೆಯಲ್ಲಿಟ್ಟುಕೊಳ್ಳುವುದು ಮೇಲು. ಕೇರಿಗೊಂದಿದ್ದರೂ ಸಾಕು.

ಅಲ್ಯುಮಿನಿಯಂ ಮುಚ್ಚಳಕ್ಕೆ ನಮ್ಮ ಕರಾವಳಿಯಲ್ಲಿ ಮತ್ತೊಂದು ತೊಂದರೆ ಇದೆ. ವಾಲ್ವಿನ ಮರೆ ಹಿತ್ತಾಳೆಯದು. ಹಿತ್ತಾಳೆ ಮತ್ತು ಅಲ್ಯುಮಿನಿಯಂ ಎರಡರ ನಡುವೆ ಉಪ್ಪುನೀರು ಸೇರಿದರೆ ಅಲ್ಯುಮಿನಿಯಂ ತಿಂದುಹೋಗಿ ಬಿಳಿ ಪುಡಿಯಾಗುತ್ತದೆ, ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಕಡಲ ಗಾಳಿಯಲ್ಲಿ ಉಪ್ಪಿಗೇನು ಕೊರತೆ? ಗಜನಿ ಬದಿಯ ದಾರಿಯಲ್ಲಿ ಓಡಾಡುವವರಿಗೆ ಕೇಳುವುದೇ ಬೇಡ. ಆರು ತಿಂಗಳು ಬಿಟ್ಟು ಗಾಳಿ ಹಾಕಿಸಲು ಹೋದರೆ ಮುಚ್ಚಳ ಬರುವುದಿಲ್ಲ. ಇಕ್ಕಳ ಹಾಕಿ ತಿರುಚಿದರೆ ವಾಲ್ವೇ ಬುಡಸಮೇತ ತಿರುಚುತ್ತದೆ. ಪ್ಲಾಸ್ಟಿಕ್ಕಿನದಕ್ಕೆ ಈ ರೋಗವಿಲ್ಲ.

ಈಗ ಹೇಳುವುದು ದನ ಸಾಕುವವರಿಗೆ ಮಾತ್ರ ಬೇಕಾದ ವಿಷಯ. ಮಳೆಗಾಲದಲ್ಲಿ ಬೈಕು ನೆನೆಯಬಾರದೆಂದು ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲೇ ನಿಲ್ಲಿಸುತ್ತಾರೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯದವರು ಮಳೆಗಾಲದಲ್ಲಿ ಹಿತ್ತಾಳೆಯ ತೋಟೆಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಮಳೆ ಮುಗಿದು ತೆಗೆದು ನೋಡಿದರೆ ತೋಟೆಗಳು ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು. ಕಾರಣ ಬಹುಕಾಲ ತಿಳಿಯಲಿಲ್ಲ. 1921ರಲ್ಲಿ ವಿಜ್ಞಾನಿಗಳು ಅದನ್ನು ಬಿಡಿಸಿ ಹೇಳಿದರು: ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ತೇವ, ಮತ್ತು ಲೋಹದೊಳಗೆ ಉಳಿದಿರುವ ಬಿಗಿತ ಈ ಮೂರೂ ಸೇರಿದರೆ ಹಿತ್ತಾಳೆ ಸೀಳುತ್ತದೆ. ಗಂಜಲದ ಘಾಟು ಮೂಗಿಗೆ ಬಡಿಯುತ್ತದಲ್ಲ, ಅದೇ ಅಮೋನಿಯಾ. ನಮ್ಮ ವಾಲ್ವು ಹಿತ್ತಾಳೆಯದು. ಕೊಟ್ಟಿಗೆಯಲ್ಲಿ ಒಂದು ರಾತ್ರಿ ನಿಂತ ಗಾಡಿಯ ವಾಲ್ವು ಮರುದಿನ ಸೀಳುತ್ತದೆ ಎಂದು ನಾನು ಹೆದರಿಸುತ್ತಿಲ್ಲ. ವರ್ಷಗಟ್ಟಲೆ ಅಲ್ಲೇ ನಿಲ್ಲಿಸುವುದು ಬೇಡ ಎನ್ನುತ್ತಿದ್ದೇನೆ. ತೇವವೂ ಗಂಜಲವೂ ರಿಮ್ಮಿಗೆ, ಸ್ಪೋಕಿನ ಕಡ್ಡಿಗಳಿಗೆ, ಬ್ರೇಕಿನ ಕೇಬಲಿಗೆ ಸಹ ಒಳ್ಳೆಯದಲ್ಲ. ಜಗಲಿಯ ಬದಿಗೆ ಒಂದು ಮಾಡು ಇಳಿಸಿದರೆ ಆಯಿತು. ಕೊಟ್ಟಿಗೆಯಲ್ಲೂ ಗಂಜಲ ನಿಲ್ಲದೆ ಹರಿದುಹೋಗುವ ವ್ಯವಸ್ಥೆ ಇದ್ದರೆ ದನಗಳ ಶ್ವಾಸಕ್ಕೂ ಹಿತ.

ಟ್ಯೂಬು ಇರುವ ಗಾಡಿಗಳಲ್ಲಿ ದಿನಾ ಒಮ್ಮೆ ಕಣ್ಣು ಹಾಯಿಸಬೇಕಾದದ್ದು ವಾಲ್ವಿನ ನಿಲುವನ್ನು. ಅದು ರಿಮ್ಮಿನಿಂದ ನೆಟ್ಟಗೆ ಗುಂಬದ ಕಡೆಗೆ ಮುಖ ಮಾಡಿರಬೇಕು. ಓರೆಯಾಗಿದ್ದರೆ ಒಳಗೆ ಟ್ಯೂಬು ಸರಿದಿದೆ ಎಂದರ್ಥ. ಗಾಳಿ ಕಡಿಮೆ ಇದ್ದು, ಭಾರ ಹೇರಿ, ಬ್ರೇಕು ಹಾಕಿದಾಗ ಟೈರು ರಿಮ್ಮಿನ ಮೇಲೆ ಸ್ವಲ್ಪ ಸ್ವಲ್ಪವೇ ಜಾರುತ್ತದೆ, ಟ್ಯೂಬನ್ನೂ ಎಳೆದುಕೊಂಡು ಹೋಗುತ್ತದೆ. ವಾಲ್ವು ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡು ನಿಂತಿರುತ್ತದೆ. ಎಳೆತ ಮುಂದುವರಿದರೆ ಬುಡ ಹರಿಯುತ್ತದೆ. ಅದಕ್ಕೆ ಪ್ಯಾಚು ಹಾಕಲಾಗುವುದಿಲ್ಲ. ವಾಲ್ವಿನ ಮೇಲೆ ಒಂದು ಚಿಕ್ಕ ನಟ್ಟು ಇರುತ್ತದೆ. ಟ್ಯೂಬಿನ ಗಾಡಿಯಲ್ಲಿ ಅದನ್ನು ಪಾನಾ ಹಾಕಿ ರಿಮ್ಮಿಗೆ ಬಿಗಿದುಬಿಟ್ಟರೆ ವಾಲ್ವು ಓರೆಯಾಗುವುದು ಕಾಣುವುದೇ ಇಲ್ಲ, ಒಳಗೊಳಗೇ ಹರಿಯುತ್ತದೆ. ಆದ್ದರಿಂದ ಅದು ಸಡಿಲವಾಗಿರಲಿ. ಟ್ಯೂಬ್‌ಲೆಸ್ ಚಕ್ರದ ಲೋಹದ ವಾಲ್ವಿನ ನಟ್ಟು ಹಾಗಲ್ಲ, ಗಾಳಿಯನ್ನು ತಡೆಯುವುದೇ ಅದು, ಅದನ್ನು ಮುಟ್ಟಬೇಡಿ. ವಾಲ್ವು ಓರೆಯಾದದ್ದು ಕಂಡರೆ ಅಂದೇ ಗಾಳಿ ತೆಗೆಸಿ, ಟ್ಯೂಬು ಸರಿಪಡಿಸಿ, ಮತ್ತೆ ಗಾಳಿ ಹಾಕಿಸಿ. ಟ್ಯೂಬ್‌ಲೆಸ್ ಗಾಡಿಗೆ ಹೊಸ ಟೈರು ಹಾಕಿಸುವಾಗ ರಬ್ಬರಿನ ವಾಲ್ವನ್ನೂ ಹೊಸದಾಗಿ ಹಾಕಿಸಬೇಕು. ಸಾವಿರಾರು ರೂಪಾಯಿಯ ಟೈರಿಗೆ ಹಳೆಯ ವಾಲ್ವು ಇಡುವುದು ಹೊಸ ಕ್ಯಾನಿಗೆ ಹಳೆಯ ಹರಕು ವಾಷರ್ ಹಾಕಿದ ಹಾಗೆ.

ಸೋರುತ್ತಿದೆಯೇ ಎಂದು ತಿಳಿಯುವ ಉಪಾಯ ಎಲ್ಲರಿಗೂ ಗೊತ್ತು: ಮುಚ್ಚಳ ತೆಗೆದು ಬಾಯಿಗೆ ಒಂದು ಹನಿ ಎಂಜಲು. ಕ್ಯಾನು ತೊಳೆಯುವ ಸೋಪಿನ ನೀರಾದರೆ ಇನ್ನೂ ಸ್ಪಷ್ಟ. ಗುಳ್ಳೆ ಎದ್ದರೆ ಪಿನ್ನು ಬಿಗಿ ಮಾಡಿಸಿ, ಆಗಲಿಲ್ಲವೆಂದರೆ ಬದಲಾಯಿಸಿ. ಬುಡಕ್ಕೂ ಆ ನೀರನ್ನು ಸವರಿ ನೋಡಿ.

ಎಷ್ಟು ಗಾಳಿ ಇರಬೇಕು ಎಂಬುದನ್ನು ಕಂಪನಿಯವರು ಗಾಡಿಯ ಮೇಲೆ ಅಂಟಿಸಿರುತ್ತಾರೆ, ಪುಸ್ತಕದಲ್ಲೂ ಬರೆದಿರುತ್ತಾರೆ. ನೂರು ಸಿ.ಸಿ.ಯ ಅನೇಕ ಬೈಕುಗಳಿಗೆ ಮುಂದೆ 25 ಪೌಂಡು, ಒಬ್ಬರೇ ಕೂತರೆ ಹಿಂದೆ 28ರ ಆಸುಪಾಸು, ಹಿಂದೆ ಇನ್ನೊಬ್ಬರು ಕೂತರೆ ಅದಕ್ಕಿಂತ ಸಾಕಷ್ಟು ಹೆಚ್ಚು. ನಿಮ್ಮ ಗಾಡಿಯ ಲೆಕ್ಕವನ್ನೇ ಹಿಡಿಯಿರಿ. ನಾವು ಎಡವುವುದು ಈ ಕೊನೆಯ ಮಾತಿನಲ್ಲಿ. ಒಂದು ಲೀಟರ್ ಹಾಲು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚೇ ತೂಗುತ್ತದೆ. 40 ಲೀಟರಿನ ಕ್ಯಾನು ತುಂಬಿದರೆ ಕ್ಯಾನು ಸೇರಿ 50 ಕಿಲೋ ಸುಮಾರು, ಅಂದರೆ ಹಿಂದೆ ಒಬ್ಬ ಮನುಷ್ಯ ಕೂತ ಲೆಕ್ಕ. ನಾಲ್ಕು ಮನೆಯ ಹಾಲನ್ನು ಒಟ್ಟು ಮಾಡಿ ತರುವವರು, ಬರುವಾಗ ಪಶು ಆಹಾರದ 50 ಕಿಲೋ ಚೀಲ ಹೇರಿಕೊಂಡು ಹೋಗುವವರು ಒಬ್ಬರೇ ಕೂರುವ ಲೆಕ್ಕದ ಗಾಳಿಯಲ್ಲಿ ಓಡಿಸಬಾರದು. ಗಾಳಿ ಕಡಿಮೆಯಾದರೆ ಟೈರಿನ ಬದಿ ಪ್ರತಿ ಸುತ್ತಿನಲ್ಲೂ ಮಡಚಿ ಬಿಸಿಯಾಗುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ, ತಿರುವಿನಲ್ಲಿ ಗಾಡಿ ತೂಗುತ್ತದೆ. ಹಾಗೆಂದು ಕೈಗೆ ಬಂದಷ್ಟು ತುಂಬಿಸುವುದೂ ಬೇಡ. ಕಲ್ಲಿನಂತಾದ ಟೈರು ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. ಗಾಳಿ ನೋಡುವುದು ಬೆಳಿಗ್ಗೆ ಹೊರಡುವ ಮೊದಲು, ಟೈರು ತಣ್ಣಗಿರುವಾಗ. ಹತ್ತು ಮೈಲಿ ಓಡಿಸಿ ನೋಡಿದರೆ ಬಿಸಿಗೆ ಒತ್ತಡ ಏರಿ ಮೀಟರು ಹೆಚ್ಚು ತೋರಿಸುತ್ತದೆ. ವಾರಕ್ಕೊಮ್ಮೆ ಸಾಕು, ಪೆಟ್ರೋಲ್ ಬಂಕಿನಲ್ಲಿ ಗಾಳಿಗೆ ದುಡ್ಡಿಲ್ಲ.

ಕ್ಯಾನನ್ನು ಹ್ಯಾಂಡಲಿಗೆ ನೇತುಹಾಕುವುದನ್ನು ದಯವಿಟ್ಟು ಬಿಡಿ. ಐದು ಲೀಟರಿನದಾದರೂ ತಿರುವಿನಲ್ಲಿ ಅದು ಹ್ಯಾಂಡಲನ್ನು ತನ್ನ ಕಡೆಗೆ ಎಳೆಯುತ್ತದೆ. ಅರ್ಧ ತುಂಬಿದ ಕ್ಯಾನು ಪೂರ್ತಿ ತುಂಬಿದ್ದಕ್ಕಿಂತ ಮೋಸ, ಬ್ರೇಕು ಹಾಕಿದಾಗ ಹಾಲು ಮುಂದಕ್ಕೆ ನುಗ್ಗಿ ಗಾಡಿಯನ್ನು ನೂಕುತ್ತದೆ. ಹಿಂದೆ ಕಬ್ಬಿಣದ ಚೌಕಟ್ಟು ಮಾಡಿಸಿ, ಎರಡೂ ಬದಿಗೆ ತೂಕ ಸಮನಾಗಿ ಬರುವಂತೆ, ಆದಷ್ಟು ತಗ್ಗಾಗಿ ಕಟ್ಟಬೇಕು. ಹಗ್ಗದ ತುದಿ ಚಕ್ರದ ಕಡೆಗೆ ಜೋತಾಡದಿರಲಿ.

ಸಹೋದರಿಯರಿಗೆ ಒಂದು ಮಾತು. ಹಿಂದಿನ ಸೀಟಿನಲ್ಲಿ ಒಂದೇ ಕಡೆಗೆ ಕಾಲು ಹಾಕಿ, ತೊಡೆಯ ಮೇಲೆ ಕ್ಯಾನು ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕೊಡೆ ಬಿಚ್ಚಿ ಕೂತರೆ ಹಿಡಿದುಕೊಳ್ಳಲು ಕೈ ಎಲ್ಲಿ ಉಳಿಯಿತು? ಕೊಡೆಗೆ ಗಾಳಿ ಸಿಕ್ಕಿದರೆ ಕೂತವರನ್ನೇ ಹಿಂದಕ್ಕೆ ಎಳೆಯುತ್ತದೆ. ಮಳೆಗೆ ಇಬ್ಬರಿಗೂ ರೈನ್‌ಕೋಟು ಇರಲಿ. ಸೆರಗು, ವೇಲು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಹಿಂದಿನ ಚಕ್ರದ ಬದಿಗಿರುವ ಜಾಲರಿ ನಿಮ್ಮ ಸೀರೆಗಾಗಿಯೇ ಇರುವುದು. ಹಿಂದಿನ ಸವಾರರಿಗೆ ಹಿಡಿಕೆ, ಕಾಲಿಡುವ ಜಾಗ, ಚಕ್ರದ ಅರ್ಧದಷ್ಟಾದರೂ ಮುಚ್ಚುವ ಈ ರಕ್ಷಣೆ ಇರಲೇಬೇಕೆಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಕ್ಯಾನು ಕಟ್ಟಲು ಅಡ್ಡವಾಗುತ್ತದೆ ಎಂದು ಅದನ್ನು ಬಿಚ್ಚಿ ಅಟ್ಟಕ್ಕೆ ಎಸೆದವರು ಇಲ್ಲಿದ್ದರೆ ಮನೆಗೆ ಹೋಗಿ ಮತ್ತೆ ಹಾಕಿಸಿ.

ಹೆದ್ದಾರಿ ಅಗಲವಾದ ಮೇಲೆ ನಮ್ಮಲ್ಲಿ ಒಂದು ಕೆಟ್ಟ ರೂಢಿ ಬಂದಿದೆ. ಆಚೆ ಬದಿಗೆ ದಾಟುವ ತಿರುವು ದೂರವಿದೆ ಎಂದು ಎದುರು ದಿಕ್ಕಿನಲ್ಲೇ ಅಂಚು ಹಿಡಿದು ಬರುವುದು. ನೀವು 40ರಲ್ಲಿ, ಎದುರಿನ ಟ್ಯಾಂಕರು 60ರಲ್ಲಿ ಬಂದರೆ ಇಬ್ಬರ ನಡುವಿನ ಅಂತರ ಒಂದು ಸೆಕೆಂಡಿಗೆ 28 ಮೀಟರಿನಂತೆ ಕರಗುತ್ತದೆ. ಮಬ್ಬಿನಲ್ಲಿ ನಿಮ್ಮನ್ನು ಅವನು ನೋಡಿ, ಇದೇನೆಂದು ಅರ್ಥಮಾಡಿಕೊಳ್ಳುವಷ್ಟರಲ್ಲಿ ಎರಡು ಸೆಕೆಂಡು ಹೋಗಿರುತ್ತದೆ. ಸುತ್ತು ದಾರಿ ಅರ್ಧ ಮೈಲಿಯಾದರೂ ಸರಿಯಾದ ಬದಿಯಲ್ಲೇ ಬನ್ನಿ. ಕ್ಯಾನಿನ ಹಿಂಬದಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿ, ಕ್ಯಾನು ಹಿಂದಿನ ದೀಪಕ್ಕೆ ಅಡ್ಡವಾಗದಂತೆ ಕಟ್ಟಿ. ಮೀನು ಲಾರಿಯಿಂದ ಸುರಿದ ನೀರು ಬಿದ್ದ ಜಾಗ, ಮೊದಲ ಮಳೆಗೆ ಧೂಳು ಎಣ್ಣೆ ಬೆರೆತ ಜಾಗ, ಗುಡ್ಡದ ದಾರಿಯಲ್ಲಿ ಹಾವಸೆ ಕಟ್ಟಿದ ಸಿಮೆಂಟು, ಈ ಮೂರೂ ಒಂದೇ. ಅಲ್ಲಿ ಬ್ರೇಕಿಗಿಂತ ಮೊದಲೇ ವೇಗ ಇಳಿಸಬೇಕು. 2019ರ ಏಪ್ರಿಲ್ ನಂತರದ ಚಿಕ್ಕ ಬೈಕುಗಳಲ್ಲಿ ಎರಡೂ ಚಕ್ರಕ್ಕೆ ಒಟ್ಟಿಗೆ ಬ್ರೇಕು ಹಂಚುವ ವ್ಯವಸ್ಥೆ ಬಂದಿದೆ, ಒಳ್ಳೆಯದೇ. ಆದರೆ ಟೈರಿನ ಪಟ್ಟೆ ಸವೆದು ಬೋಳಾಗಿದ್ದರೆ ಯಾವ ಬ್ರೇಕೂ ಹಿಡಿಯದು. ವರ್ಷಕ್ಕೆ 3000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಸೀಮೆಯವರು ನಾವು, ಜೂನ್ ಬರುವ ಮೊದಲೇ ಟೈರು ನೋಡಿಸಿಕೊಳ್ಳಬೇಕು.

ಇಷ್ಟೆಲ್ಲ ನೋಡಿಕೊಂಡರೂ ದಾರಿಯಲ್ಲಿ ಗಾಳಿ ಒಮ್ಮೆಗೇ ಹೋದರೆ ಏನು ಮಾಡಬೇಕು? ಕೂಡಲೇ ಬ್ರೇಕು ಹಿಚುಕುವುದೇ ಎಲ್ಲರ ಮೊದಲ ಬುದ್ಧಿ, ಬೀಳುವುದೂ ಅದರಿಂದಲೇ. ಹ್ಯಾಂಡಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ನೇರ ಹಿಡಿಯಿರಿ. ಎಕ್ಸಲೇಟರ್ ಮೆಲ್ಲನೆ ಬಿಡಿ, ಗಾಡಿ ತಾನಾಗಿ ನಿಧಾನವಾಗಲಿ. ಬ್ರೇಕು ಬೇಕೇ ಬೇಕಾದರೆ ಗಾಳಿ ಇರುವ ಚಕ್ರದ್ದನ್ನು ಹಗುರವಾಗಿ ಹಾಕಿ. ಮುಂದಿನದು ಹೋಗಿದ್ದರೆ ಹಿಂದಿನ ಬ್ರೇಕು, ಹಿಂದಿನದು ಹೋಗಿದ್ದರೆ ಮುಂದಿನದು. ಎಡಕ್ಕೆ ಸರಿದು ಡಾಮರಿನಿಂದ ಪೂರ್ತಿ ಇಳಿದು ನಿಲ್ಲಿಸಿ. ಹಾಲು ಹಾಳಾಗುತ್ತದೆ ಎಂದು ಖಾಲಿ ಟೈರಿನ ಮೇಲೆಯೇ ಡೇರಿಯವರೆಗೆ ಓಡಿಸಬೇಡಿ. ಹಿಂದೆ ಬರುವ ಇನ್ನೊಬ್ಬ ಸದಸ್ಯರ ಗಾಡಿಗೆ ಕ್ಯಾನು ಕೊಟ್ಟು ಕಳಿಸಿ. ಸಂಘ ಎಂದರೆ ಇದೂ ಸೇರಿತು.

ಹೆಲ್ಮೆಟ್ಟಿನ ಬಗ್ಗೆ ಉದ್ದ ಮಾತಾಡುವುದಿಲ್ಲ. ಕಾನೂನು ನಿಮಗೆ ಗೊತ್ತು. ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಅದು ಕಡ್ಡಾಯ, 2021ರ ಜೂನ್‌ನಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ಟು ಮಾರುವಂತೆಯೇ ಇಲ್ಲ. ಪೊಲೀಸರು ನಿಲ್ಲುವುದು ಪೇಟೆಯಲ್ಲಿ, ನಾವು ಬೀಳುವುದು ಮನೆಯ ತಿರುವಿನಲ್ಲಿ. ಪಟ್ಟಿ ಕಟ್ಟದ ಹೆಲ್ಮೆಟ್ಟು ನಮಗಿಂತ ಮೊದಲೇ ರಸ್ತೆಗೆ ಬೀಳುತ್ತದೆ. ಯಾರಾದರೂ ಬಿದ್ದದ್ದು ಕಂಡರೆ 108ಕ್ಕೆ ಕರೆಮಾಡಿ. ನೆರವಾದವರನ್ನು ಪೊಲೀಸರು ಸಾಕ್ಷಿ ಹೇಳೆಂದು ಪೀಡಿಸುವಂತಿಲ್ಲ ಎಂದು 2019ರ ತಿದ್ದುಪಡಿಯಲ್ಲಿ ಕಾನೂನೇ ಆಗಿದೆ. ಹೆದರಿ ಮುಂದೆ ಹೋಗಬೇಡಿ.

ದನಕ್ಕೆ 12 ಅಂಕಿಯ ಕಿವಿಯೋಲೆ ಹಾಕಿಸಿ, ವಿಮೆ ಮಾಡಿಸಿ, ರಸೀದಿ ಜೋಪಾನ ಮಾಡುವ ಮನೆಗಳಲ್ಲಿ ಹಾಲು ತರುವವರ ವಿಮೆ ಮುಗಿದು ಎಷ್ಟು ಕಾಲವಾಯಿತು ಎಂದು ಕೇಳಿದರೆ ಗೊತ್ತಿರುವುದಿಲ್ಲ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ ವಿಮೆ ಒಟ್ಟಿಗೇ ಬರುತ್ತದೆ, ಐದು ವರ್ಷ ಕಳೆದದ್ದು ನೆನಪಿಗೆ ಬರುವುದಿಲ್ಲ. ಮಾಲೀಕ ಸವಾರನಿಗೆ ಇರುವ 15 ಲಕ್ಷದ ಅಪಘಾತ ವಿಮೆಯನ್ನೂ ಬೇರೆಯಾಗಿ ಕೇಳಿ ಮಾಡಿಸಿಕೊಳ್ಳಿ, ಅದು ಸಿಗಬೇಕಾದರೆ ಲೈಸೆನ್ಸು ಚಾಲ್ತಿಯಲ್ಲಿರಬೇಕು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ. ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 2 ಲಕ್ಷ. ನಿಮ್ಮ ಹಾಲಿನ ಬಟವಾಡೆ ಜಮಾ ಆಗುವ ಬ್ಯಾಂಕಿನಲ್ಲೇ ಒಂದು ಫಾರ್ಮು ತುಂಬಿಕೊಟ್ಟರೆ ಆಯಿತು. ಮನೆಯಲ್ಲಿ ಗಾಡಿ ಓಡಿಸುವವರಿಗೂ ಹಿಂದೆ ಕೂರುವವರಿಗೂ ಇಬ್ಬರಿಗೂ ಮಾಡಿಸಿ.

ಮಾತು ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಂದು ಚೀಟಿ ಬಂದಿದೆ. ಹಸಿರು ಮುಚ್ಚಳ ಹಾಕಿ ನೈಟ್ರೋಜನ್ ಗಾಳಿ ತುಂಬುತ್ತಾರಲ್ಲ, ಅದು ಒಳ್ಳೆಯದೇ ಎಂದು ಕೇಳಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್. ಬರೀ ನೈಟ್ರೋಜನ್ ತುಂಬಿದರೆ ಒಳಗೆ ತೇವ ಇರುವುದಿಲ್ಲ, ಸೋರುವುದೂ ಕೊಂಚ ನಿಧಾನ. ವಿಮಾನದ ಚಕ್ರಕ್ಕೆ ಅದು ಬೇಕು. ನಮ್ಮ ಬೈಕಿಗೆ ದುಡ್ಡು ಕೊಟ್ಟು ಹಾಕಿಸುವಷ್ಟು ವ್ಯತ್ಯಾಸವಿಲ್ಲ. ಹಾಕಿಸಿದವರು ದಾರಿಯಲ್ಲಿ ಗಾಳಿ ಕಡಿಮೆಯಾದರೆ ಸಾದಾ ಗಾಳಿಯನ್ನೇ ಸೇರಿಸಬಹುದು, ಎರಡೂ ಬೆರೆತರೆ ತೊಂದರೆಯಿಲ್ಲ. ನೈಟ್ರೋಜನ್ ಹಾಕಿಸಿದ್ದೇವೆ ಎಂದು ಗಾಳಿ ನೋಡುವುದನ್ನೇ ಬಿಟ್ಟರೆ ಮಾತ್ರ ತೊಂದರೆ.

ಮೀಟರು ಒಂದು, ಪಿನ್ನು ಬಿಗಿ ಮಾಡುವ ಚಾವಿ ಒಂದು, ಪ್ಲಾಸ್ಟಿಕ್ ಮುಚ್ಚಳದ ಒಂದು ಪೊಟ್ಟಣ ತಂದಿದ್ದೇನೆ. ಚಹಾ ಆಗುವಷ್ಟರಲ್ಲಿ ಹೊರಗೆ ಬನ್ನಿ, ಗಾಡಿಗಳು ತಣ್ಣಗಾಗಿವೆ, ಒಂದೊಂದಾಗಿ ನೋಡೋಣ. ಸಂಜೆ ಹಾಲು ಹಿಂಡಲು ಬೇಗ ಹೋಗಬೇಕಾದವರ ಗಾಡಿ ಮೊದಲು.